ಹಳೆಯ ಫಟಫಟಿ ಕೊಳ್ಳುವ ಮುನ್ನ
(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾಸಿಕದ ಸಾತಪುರ, ಅಂಬಡಗಳಲ್ಲಿಯೂ ಛತ್ರಪತಿ ಸಂಭಾಜಿನಗರದ ವಾಳೂಜದಲ್ಲಿಯೂ ದುಡಿಯುವ ನಮ್ಮ ತರುಣರಲ್ಲಿ ಕೆಲವರಿಗೆ ಒಂದು ಹವ್ಯಾಸ ಹತ್ತಿದೆ. ರಜೆಯ ದಿನ ತ್ರ್ಯಂಬಕದ ಕಡೆಗೋ ಮ್ಹೈಸಮಾಳದ ಕಡೆಗೋ ಹೋಗಿ ಕಲ್ಲುದಾರಿಯಲ್ಲಿ ಫಟಫಟಿ ಓಡಿಸುವುದು. ಹವ್ಯಾಸವೇನೋ ಒಳ್ಳೆಯದೇ. ಆದರೆ ಹೊಸ ಗಾಡಿ ನಮ್ಮ ಪಗಾರಕ್ಕೆ ಎಟುಕದು, ಹಳೆಯದನ್ನೇ ಹುಡುಕುತ್ತೇವೆ. ವರ್ಷಗಟ್ಟಲೆ ಕೂಡಿಟ್ಟ ಹಣ ಒಂದೇ ಸಂಜೆಯಲ್ಲಿ ಕೈಬಿಡುವ ವ್ಯವಹಾರವಿದು. ಆದಕಾರಣ ಎರಡು ಮಾತು.

2011ರ ಹೀರೋ ಇಂಪಲ್ಸ್, 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಹೀರೋ ಎಕ್ಸ್‌ಪಲ್ಸ್ 200 ಈ ಜಾತಿಯ ಗಾಡಿಗಳು. ಎಕ್ಸ್‌ಪಲ್ಸಿನ ಮುಂಗಾಲಿ 21 ಅಂಗುಲ, ಹಿಂಗಾಲಿ 18 ಅಂಗುಲ. ಹೊಟ್ಟೆ ನೆಲದಿಂದ 220 ಮಿಲಿಮೀಟರು ಮೇಲೆ. ಕಲ್ಲು ದಾಟಲೆಂದೇ ಈ ಎತ್ತರ. ಹೀಗಾಗಿ ಪೆಟ್ಟು ಬಿದ್ದಿರುವುದೂ ಕೆಳಗೇ. ಟ್ಯಾಂಕಿನ ಹೊಳಪಿಗೆ ಮರುಳಾಗದೆ, ನೆಲಕ್ಕೆ ಕುಳಿತು ನೋಡಬೇಕು. ಇಂಜಿನ್ನಿನ ಅಡಿಯ ತಗಡು ಒಳಕ್ಕೆ ನುಗ್ಗಿದೆಯೇ? ಚಾಸಿಯ ಮೇಲೆ ಹೊಸದಾಗಿ ವೆಲ್ಡಿಂಗ್ ಮಾಡಿದ ಗುರುತಿದೆಯೇ? ಮುಂದಿನ ಶಾಕುಗಳಿಂದ ಎಣ್ಣೆ ಒಸರುತ್ತಿದೆಯೇ? ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬಡಿದು ನೋಡಿರಿ. ಸಡಿಲವಾದ ಕಡ್ಡಿ ಮಂಕಾದ ಸದ್ದು ಕೊಡುತ್ತದೆ. ಗಾಲಿ ಎತ್ತಿ ತಿರುಗಿಸಿದರೆ ರಿಮ್ಮಿನ ಡೊಂಕು ಕಣ್ಣಿಗೆ ಬೀಳುತ್ತದೆ. ಗಾಳಿಯ ಫಿಲ್ಟರ್ ತೆಗೆಸಿ ನೋಡಿರಿ. ಧೂಳು ಒಳಹೊಕ್ಕರೆ ರಿಂಗು ಸವೆದು, ಎಣ್ಣೆ ಸುಟ್ಟು, ನೀಲಿ ಹೊಗೆ ಬರುತ್ತದೆ. ಇಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟರೆ ರೋಗ ಮರೆಯಾಗುತ್ತದೆ.

ಇನ್ನು ಕಾಗದಪತ್ರ. ಗಿರಣಿಯ ಗುಮಾಸ್ತರಾದ ನಮಗೆ ಯಂತ್ರಕ್ಕಿಂತ ಇದೇ ಹೆಚ್ಚು ಪರಿಚಯ. ಚಾಸಿ ನಂಬರು, ಇಂಜಿನ್ ನಂಬರುಗಳನ್ನು ಆರ್.ಸಿ.ಯೊಡನೆ ತಾಳೆ ನೋಡಬೇಕು. ಹೆಸರು ಬದಲಾಯಿಸಲು 29 ಮತ್ತು 30ನೆಯ ನಮೂನೆಗಳು ಬೇಕು. ಸಾಲದ ಗಾಡಿಯಾದರೆ ಸಾಲ ತೀರಿದ್ದಕ್ಕೆ 35ನೆಯ ನಮೂನೆ. ವಿಜಾಪುರದಿಂದಲೋ ಹುಬ್ಬಳ್ಳಿಯಿಂದಲೋ ತಂದದ್ದಾದರೆ ಅಲ್ಲಿಯ ಆರ್.ಟಿ.ಓ. ಕಚೇರಿಯಿಂದ ಎನ್.ಓ.ಸಿ. ತರಬೇಕು; 12 ತಿಂಗಳು ಮೀರಿ ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಇಲ್ಲಿಯ ನಂಬರು ಪಡೆಯಬೇಕು.

ಮಾರುವವರೂ ಕೇಳಿರಿ. ಊರಿಗೆ ಮರಳುವಾಗ ಗೆಳೆಯನಿಗೆ ಗಾಡಿ ಒಪ್ಪಿಸಿ, ಬರಿಯ ಸ್ಟಾಂಪು ಕಾಗದ ಬರೆದುಕೊಟ್ಟು ಹೋಗುವವರು ನಮ್ಮಲ್ಲಿದ್ದಾರೆ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ತೀರ್ಪಿತ್ತಿತು. ಗಾಡಿ ನಾಸಿಕದಲ್ಲಿ, ಹೊಣೆ ಊರಿನ ಹೊಲದ ಮೇಲೆ! ಗೆಳೆತನ ಬೇರೆ, ದಾಖಲೆ ಬೇರೆ.

ಮುಂಗಡ ಕೊಟ್ಟು ರಶೀದಿ ಪಡೆಯಿರಿ. ಉಳಿದ ಹಣವನ್ನು ಅರ್ಜಿ ಸಲ್ಲಿಸಿದ ದಿನ ಕೊಡಿರಿ. ನಮೂನೆ ತುಂಬಲು ತಿಳಿಯದವರು ರವಿವಾರ ವಾಚನಾಲಯಕ್ಕೆ ಬರಬೇಕು. ಸ್ವಯಂಸೇವಕರಾದ ನಾವು ಬಿಟ್ಟಿಯಾಗಿ ತುಂಬಿಕೊಡುತ್ತೇವೆ.