ಬಾಡಿಗೆ ಮನೆಯ ಮಕ್ಕಳು



ಕಳೆದ ತಿಂಗಳು ನಮ್ಮ ಮದ್ರಸಾದ ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ ಹನ್ನೆರಡು ದಿನ ಸತತವಾಗಿ ಗೈರುಹಾಜರಿ ಬಿತ್ತು. ಹದಿಮೂರನೆಯ ದಿನ ಹೆಸರನ್ನೇ ಹೊಡೆದು ಹಾಕಿದೆವು. ಮನೆ ಖಾಲಿ ಮಾಡಿಕೊಂಡು ಹೋದರು ಎಂದು ಪಕ್ಕದ ಅಂಗಡಿಯವರು ಹೇಳಿದರು. ಮೂರು ತಿಂಗಳ ಬಾಡಿಗೆ ಬಾಕಿಯಿತ್ತಂತೆ. ಎರಡು ವರ್ಷಗಳಲ್ಲಿ ಅವರಿಗೆ ಅದು ನಾಲ್ಕನೆಯ ಮನೆ. ಜುಮಾಕ್ಕೆ ಬಂದಾಗ ಆ ಹುಡುಗ ಕೊನೆಯ ಸಫ್‌ನಲ್ಲಿ, ಚಪ್ಪಲಿ ಬಿಡುವ ಜಾಗದ ಬಳಿ ನಿಲ್ಲುತ್ತಿದ್ದ. ನಾವೆಲ್ಲ ಅವನನ್ನು ನೋಡಿದವರೇ. ಅವನ ತಂದೆ ಏನು ಕೆಲಸ ಮಾಡುತ್ತಿದ್ದರು ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ.

ನಮ್ಮ ಪ್ರವಾದಿಯವರ(ಸ) ಬಾಲ್ಯವನ್ನು ನಾವು ಮೀಲಾದ್ ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಒಂದು ಸಲ ಮನೆಗಳ ಲೆಕ್ಕದಲ್ಲಿ ಕೇಳೋಣ. ಹುಟ್ಟುವ ಮೊದಲೇ ತಂದೆ ಇಲ್ಲ. ಎಳೆಯ ಪ್ರಾಯ ಕಳೆದದ್ದು ಬನೂ ಸಅದ್ ಗೋತ್ರದ ಹಲೀಮಾರ(ರ) ಬಳಿ, ಮರುಭೂಮಿಯಲ್ಲಿ. ಅಲ್ಲಿಂದ ತಾಯಿಯ ಮನೆಗೆ. ಆರನೆಯ ವಯಸ್ಸಿನಲ್ಲಿ ಯಸ್ರಿಬ್‌ನಿಂದ ಮರಳುವ ದಾರಿಯಲ್ಲಿ, ಅಬ್ವಾ ಎಂಬಲ್ಲಿ, ತಾಯಿ ಆಮಿನಾ ತೀರಿಕೊಂಡರು. ತಾಯಿಯನ್ನು ದಾರಿಯಲ್ಲೇ ಮಣ್ಣು ಮಾಡಿ ಮುಂದಕ್ಕೆ ಪ್ರಯಾಣ ಮಾಡಿದ ಮಗು ಅದು. ಕೈ ಹಿಡಿದು ಮಕ್ಕಾಕ್ಕೆ ಕರೆತಂದವರು ಸೇವಕಿ ಬರಕಾ, ಅಂದರೆ ಉಮ್ಮು ಐಮನ್(ರ). ನಂತರ ಅಜ್ಜ ಅಬ್ದುಲ್ ಮುತ್ತಲಿಬರ ಮನೆ. ಎಂಟನೆಯ ವಯಸ್ಸಿಗೆ ಅಜ್ಜನೂ ಹೋದರು. ಆಮೇಲೆ ದೊಡ್ಡಪ್ಪ ಅಬೂ ತಾಲಿಬರ ಮನೆ. ಅಲ್ಲಿ ಮಕ್ಕಳು ಹಲವರು, ಆದಾಯ ಕಡಿಮೆ. ಮಕ್ಕಾದವರ ಆಡುಗಳನ್ನು ಕೆಲವು ಕೀರಾತ್ ಕೂಲಿಗೆ ತಾವು ಮೇಯಿಸಿದ್ದಾಗಿ ಪ್ರವಾದಿಯವರೇ(ಸ) ಹೇಳಿದ್ದು ಬುಖಾರಿಯಲ್ಲಿದೆ.

ಅದ್ದುಹಾ ಅಧ್ಯಾಯದಲ್ಲಿ ಅಲ್ಲಾಹನು ಆ ಬಾಲ್ಯವನ್ನು ನೆನಪಿಸುವಾಗ ಮೊದಲು ಹೇಳುವ ಅನುಗ್ರಹ ಯಾವುದು? ಆಸರೆ. ಸಂಪತ್ತಿನ ಮಾತು ಆಮೇಲೆ ಬರುತ್ತದೆ.

ಪ್ರವಾದಿಯವರು(ಸ) ಆ ಆಸರೆಯನ್ನು ಮರೆಯಲಿಲ್ಲ. ದೊಡ್ಡವರಾದ ಮೇಲೂ ಉಮ್ಮು ಐಮನ್‌ರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಮಕ್ಕಾದಲ್ಲಿ ಬರ ಬಂದು ಅಬೂ ತಾಲಿಬರಿಗೆ ಸಂಸಾರ ಭಾರವಾದಾಗ ಚಿಕ್ಕಪ್ಪ ಅಬ್ಬಾಸ್‌ರ ಜೊತೆ ಮಾತಾಡಿ, ಜಅಫರ್‌ರನ್ನು ಅವರ ಮನೆಗೆ ಕಳುಹಿಸಿದರು. ಬಾಲಕ ಅಲಿಯವರನ್ನು(ರ) ತಮ್ಮ ಮನೆಗೇ ಕರೆತಂದರು.

ನಾವು ಏನು ಮಾಡುತ್ತೇವೆ? ರಮಝಾನ್ ಕಿಟ್ ಹಂಚುವಾಗ ಮೊದಲು ಕೇಳುವ ಪ್ರಶ್ನೆ, ನಮ್ಮ ಜಮಾಅತ್‌ನವರೇ? ಮನೆ ಬದಲಿಸುತ್ತಲೇ ಇರುವವರ ಹೆಸರು ಯಾವ ಜಮಾಅತ್‌ನ ಪಟ್ಟಿಯಲ್ಲಿರಬೇಕು? ಹಿಂದಿನ ಮೊಹಲ್ಲಾದವರು ಹೊಡೆದು ಹಾಕಿದ್ದಾರೆ, ಇಲ್ಲಿಯವರು ಬರೆದುಕೊಂಡಿಲ್ಲ. ಅತ್ತೌಬಾ ಅಧ್ಯಾಯ ಹೇಳುವ ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಕ್ಕಿದವರು ಇದ್ದಾರೆ, ದಾರಿಹೋಕರೂ ಇದ್ದಾರೆ. ಪಟ್ಟಿಯಲ್ಲಿ ಹೆಸರಿರಬೇಕೆಂಬ ಶರತ್ತು ಅಲ್ಲಿಲ್ಲ. ನಮ್ಮಲ್ಲೂ ಬಹಳ ಮಂದಿ ಬಾಡಿಗೆ ಮನೆಗಳಲ್ಲೇ ಬೆಳೆದವರು. ಸ್ವಂತ ಮನೆ ಹೊಕ್ಕ ದಿನದ ಬಿರಿಯಾನಿಯ ಜೊತೆ ಅದನ್ನು ಮರೆತುಬಿಟ್ಟಿದ್ದೇವೆ, ಅಷ್ಟೆ.

ಇನ್ನೊಂದು ಮಾತು. ಹೊಸ ಊರಿನಲ್ಲಿ ಟಿಸಿ ಇಲ್ಲವೆಂದು ಮಕ್ಕಳನ್ನು ಮನೆಯಲ್ಲಿ ಕೂರಿಸುವ ತಾಯಂದಿರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಟಿಸಿ ತಡವಾಯಿತೆಂದು ಬೇರೆ ಸರಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಈ ಹಕ್ಕು 6ರಿಂದ 14 ವರ್ಷದ ಮಕ್ಕಳಿಗಿದೆ. ನಮ್ಮಲ್ಲಿ ಓದಿದ ಯುವಕರಿದ್ದಾರೆ. ಒಬ್ಬರು ಆ ತಾಯಿಯ ಜೊತೆ ಶಾಲೆಯವರೆಗೆ ನಡೆದು ಹೋದರೆ ಅರ್ಧ ದಿನದ ಕೆಲಸ.

ಆ ಹುಡುಗನ ತಾಯಿಯ ಫೋನ್ ನಂಬರ್ ಮದ್ರಸಾದ ಪುಸ್ತಕದಲ್ಲೇ ಇದೆ. ಇಷ್ಟು ದಿನ ನಾವು ಯಾರೂ ಕರೆ ಮಾಡಿಲ್ಲ. ಇಂದು ಅಸರ್ ನಮಾಝಿನ ಬಳಿಕ ಕರೆ ಮಾಡುತ್ತೇವೆ. ಬಾಡಿಗೆ ಬಾಕಿಯ ವಿಚಾರ ಮಾತಾಡಲು ಇಬ್ಬರು ಮೂವರು ನಿಂತುಕೊಳ್ಳಿ.