ಸ್ಪ್ರೆಡ್‌ಶೀಟ್‌ನಲ್ಲಿ ಎಐ: ಯಾವ ಕೆಲಸ ಕೊಡಬಹುದು, ಯಾವುದನ್ನು ಕೊಡಬಾರದು

ಚೆನ್ನೈನಿಂದ ನೋಡ್ತಿರೋ ನಮ್ಮ ಕನ್ನಡದವರೇ, ಇವತ್ತಿನ ಮುಖ್ಯ ಉದಾಹರಣೆ ನಿಮ್ಮದೇ.

ಪೆರುಂಗುಡಿಯಿಂದ ಸಿರುಸೇರಿವರೆಗೆ ಓಎಂಆರ್ ಉದ್ದಕ್ಕೂ ನಮ್ಮವರು ಇದ್ದೀರಿ. ನಿಮ್ಮ ಐಡಿ ಕಾರ್ಡಿನಲ್ಲಿ ಡೆವಲಪರ್ ಅಂತಿರಬಹುದು, ಟೆಸ್ಟಿಂಗ್ ಅಂತಿರಬಹುದು, ಎಂಐಎಸ್ ಅಂತಿರಬಹುದು. ಆದರೆ ಶುಕ್ರವಾರ ಸಂಜೆ ಮ್ಯಾನೇಜರ್ ಕೇಳೋದು ಒಂದು ಶೀಟ್. ಈಗ ಆ ಶೀಟಿನೊಳಗೇ ಎಐ ಬಂದು ಕೂತಿದೆ. "ಹಾಗಾದ್ರೆ ನಮ್ಮ ಕೆಲಸದ ಗತಿ ಏನು?" ಅಂತ ಕೇಳ್ತೀರಿ. ಅದಕ್ಕೂ ಬರ್ತೀನಿ. ಮೊದಲು ಏನೇನು ಬಂದಿದೆ ನೋಡೋಣ.

ಸದ್ದಿಲ್ಲದೆ ಬಂದ ಬದಲಾವಣೆಗಳು

ಪರ್ಸನಲ್ ಕಂಪ್ಯೂಟರಿಗೆ ಮೊದಲ ಸ್ಪ್ರೆಡ್‌ಶೀಟ್ ಬಂದಿದ್ದು 1979ರಲ್ಲಿ. ಹೆಸರು ವಿಸಿಕ್ಯಾಲ್ಕ್, ಮಾಡಿದವರು ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್. ಎಕ್ಸೆಲ್ 1985ರಲ್ಲಿ ಬಂತು. ಆಮೇಲೆ ತುಂಬಾ ವರ್ಷ ನಾವು ಬಳಸೋ ರೀತಿ ಹೆಚ್ಚೇನೂ ಬದಲಾಗಲಿಲ್ಲ. ನಿಜವಾದ ಬದಲಾವಣೆ ಶುರುವಾಗಿದ್ದು 2018ರಿಂದ ಈಚೆಗೆ.

2018ರಲ್ಲಿ ಡೈನಾಮಿಕ್ ಅರೇ ಪ್ರಕಟವಾಯ್ತು. ಒಂದು ಸೆಲ್ಲಿನಲ್ಲಿ ಫಾರ್ಮುಲಾ ಬರೆದರೆ ಉತ್ತರ ಕೆಳಗಿನ, ಪಕ್ಕದ ಸೆಲ್ಲುಗಳಿಗೂ ತಾನೇ ಹರಡುತ್ತೆ. ಫಿಲ್ಟರ್, ಸಾರ್ಟ್, ಯುನೀಕ್ ಎಲ್ಲ ಈ ಗುಂಪಿನವು. 2019ರಲ್ಲಿ ಎಕ್ಸ್‌ಲುಕಪ್ ಬಂತು. ಹಳೇ ವೀಲುಕಪ್‌ನಲ್ಲಿ ಮೂರು ತಾಪತ್ರಯ ಇದ್ವು. ಹುಡುಕೋ ಕಾಲಂ ಎಡಗಡೆಗೇ ಇರಬೇಕು. ಮಧ್ಯೆ ಒಂದು ಕಾಲಂ ಸೇರಿಸಿದ್ರೆ ಉತ್ತರ ಕೆಡುತ್ತೆ. ಕೊನೆಯಲ್ಲಿ ಫಾಲ್ಸ್ ಅಂತ ಹಾಕೋದು ಮರೆತರೆ ಅದು ಹತ್ತಿರದ ಬೆಲೆಯನ್ನು ಹಿಡಿದುಕೊಂಡು ಬರುತ್ತೆ, ಎರರ್ ಕೂಡ ತೋರಿಸದೇ ಇರಬಹುದು. ಎಕ್ಸ್‌ಲುಕಪ್‌ನಲ್ಲಿ ಈ ಮೂರೂ ಇಲ್ಲ. ಇನ್ನೂ ವೀಲುಕಪ್ ಹಿಡಿದುಕೊಂಡೇ ಇದ್ದೀರಾ? ಎಐ ಕಲಿಯೋಕೆ ಮುಂಚೆ ಇದನ್ನು ಕಲಿಯಿರಿ, ಒಂದು ಮಧ್ಯಾಹ್ನ ಸಾಕು.

2020ರಲ್ಲಿ ಲ್ಯಾಂಬ್ಡಾ ಬಂತು, ನಿಮ್ಮದೇ ಫಂಕ್ಷನ್ ಮಾಡಿ ಹೆಸರಿಡಬಹುದು. 2023ರಲ್ಲಿ ಎಕ್ಸೆಲ್‌ನೊಳಗೆ ಪೈಥಾನ್ ಬಂತು. 2025ರಲ್ಲಿ ಎಐಯೇ ಒಂದು ಫಂಕ್ಷನ್ ಆಗಿ ಸೆಲ್ಲಿನೊಳಗೆ ಬಂತು. ಎಕ್ಸೆಲ್‌ನಲ್ಲಿ ಅದರ ಹೆಸರು ಕೋಪೈಲಟ್, ಗೂಗಲ್ ಶೀಟ್ಸ್‌ನಲ್ಲಿ ಎಐ ಅಂತಲೇ.

ಇದೆಲ್ಲ ಅಮೆರಿಕದ ಕಥೆ ಮಾತ್ರ ಅಲ್ಲ. ಗುಡುವಾಂಚೇರಿ ಹತ್ತಿರ ಜಿಎಸ್‌ಟಿ ರಸ್ತೆಯಲ್ಲಿ ಹೋಗೋರಿಗೆ ಝೋಹೋ ಕಚೇರಿ ಗೊತ್ತು. 1996ರಲ್ಲಿ ಅಡ್ವೆಂಟ್‌ನೆಟ್ ಅಂತ ಶುರುವಾದ ಕಂಪನಿ ಅದು. ಅವರ ಝೋಹೋ ಶೀಟ್‌ನಲ್ಲಿ ಝಿಯಾ ಅನ್ನೋ ಸಹಾಯಕ ಇದೆ. ಮಾಮೂಲಿ ಮಾತಿನಲ್ಲಿ ಕೇಳಿದ್ರೆ ಚಾರ್ಟ್, ಪಿವೋಟ್ ಟೇಬಲ್ ಮಾಡಿಕೊಡುತ್ತೆ. ಒಂದೇ ಹೆಸರನ್ನು ನಾಲ್ಕು ಥರ ಬರೆದಿದ್ರೆ ಹುಡುಕಿ ಸರಿಮಾಡೋ ಡೇಟಾ ಕ್ಲೀನಿಂಗ್ ಸೌಲಭ್ಯವೂ ಆ ಶೀಟ್‌ನಲ್ಲಿದೆ. 2025ರ ಜುಲೈನಲ್ಲಿ ಝೋಹೋ ತನ್ನದೇ ಭಾಷಾ ಮಾದರಿಯನ್ನೂ ಪ್ರಕಟಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಮ್ಮ ಕಡತ, ಶೀಟ್, ಪ್ರೆಸೆಂಟೇಶನ್ ಕೆಲಸವನ್ನು ಝೋಹೋಗೆ ಬದಲಾಯಿಸ್ತೀನಿ ಅಂದ್ರು. ಹಾಗಾಗಿ ಎಕ್ಸೆಲ್ ಒಂದೇ ಗೊತ್ತಿದ್ರೆ ಸಾಕು ಅಂತ ಕೂರಬೇಡಿ.

ಎರಡು ಥರದ ಎಐ

ಇವತ್ತಿನ ಮಾತಿನಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನು ಇಟ್ಟುಕೊಳ್ಳಿ. ಶೀಟಿನಲ್ಲಿ ಎಐ ಎರಡು ಥರ ಕೆಲಸ ಮಾಡುತ್ತೆ.

ಮೊದಲನೇದು, ನಿಮಗೆ ಫಾರ್ಮುಲಾ ಬರೆದುಕೊಡೋದು. ಸೆಲ್ಲಿನಲ್ಲಿ ಉಳಿಯೋದು ಫಾರ್ಮುಲಾ. ಲೆಕ್ಕ ಮಾಡೋದು ಎಕ್ಸೆಲ್. ನಾಳೆ ತೆಗೆದರೂ ಅದೇ ಉತ್ತರ, ಯಾರು ಬೇಕಾದ್ರೂ ಕ್ಲಿಕ್ ಮಾಡಿ ಓದಿ ಪರೀಕ್ಷಿಸಬಹುದು.

ಎರಡನೇದು, ಎಐಯೇ ನೇರವಾಗಿ ಉತ್ತರ ತುಂಬೋದು. ಇಲ್ಲಿ ಲೆಕ್ಕದ ದಾರಿ ಕಾಣಲ್ಲ. ಶೀಟ್ ಮತ್ತೆ ಲೆಕ್ಕ ಮಾಡಿದಾಗ ಉತ್ತರ ಬದಲಾಗಲೂಬಹುದು. ನಿಖರವಾದ, ಪ್ರತಿ ಸಲ ಒಂದೇ ಥರ ಬರಬೇಕಾದ ಲೆಕ್ಕಕ್ಕೆ ಕೋಪೈಲಟ್ ಫಂಕ್ಷನ್ ಬಳಸಬೇಡಿ, ಎಕ್ಸೆಲ್‌ನ ಮಾಮೂಲಿ ಫಾರ್ಮುಲಾ ಬಳಸಿ ಅಂತ ಮೈಕ್ರೋಸಾಫ್ಟೇ ಹೇಳಿದೆ.

ಹಾಗಂತ ಎರಡನೇದು ಕೆಲಸಕ್ಕೆ ಬಾರದ್ದಲ್ಲ. ಐನೂರು ಗ್ರಾಹಕರ ದೂರು ಇದೆ ಅಂದ್ಕೊಳ್ಳಿ, ಅರ್ಧ ಇಂಗ್ಲಿಷ್, ಅರ್ಧ ತಂಗ್ಲಿಷ್. ಇದು ಬಿಲ್ಲಿನ ದೂರು, ಇದು ಡೆಲಿವರಿ ದೂರು ಅಂತ ವಿಂಗಡಿಸೋಕೆ ಫಾರ್ಮುಲಾದಿಂದ ಆಗಲ್ಲ, ಎಐಯಿಂದ ಆಗುತ್ತೆ. ಹತ್ತರಲ್ಲಿ ಒಂದನ್ನು ನೀವೇ ಓದಿ ನೋಡಿ, ಸಾಕು. ಮಾತಿನ ಕೆಲಸ ಎಐಗೆ, ದುಡ್ಡಿನ ಕೆಲಸ ಫಾರ್ಮುಲಾಗೆ.

ಬೆಂಗಳೂರಿಂದ ಚೆನ್ನೈಗೆ ಬಂದವರ ಎಚ್‌ಆರ್‌ಎ

ಈಗ ದುಡ್ಡಿನ ಉದಾಹರಣೆ. ಹಳೇ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಇದೆ. ಮೂರು ಮೊತ್ತಗಳಲ್ಲಿ ಯಾವುದು ಕಡಿಮೆಯೋ ಅಷ್ಟು: ಸಿಕ್ಕಿದ ಎಚ್‌ಆರ್‌ಎ, ಕಟ್ಟಿದ ಬಾಡಿಗೆಯಲ್ಲಿ ಸಂಬಳದ ಶೇ. 10 ಕಳೆದು ಉಳಿದದ್ದು, ಸಂಬಳದ ಶೇ. 50 ಅಥವಾ ಶೇ. 40. ಸಂಬಳ ಅಂದ್ರೆ ಇಲ್ಲಿ ಬೇಸಿಕ್, ಡಿಎ ಇದ್ರೆ ಅದೂ ಸೇರಿ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಶೇ. 50 ಇದ್ದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬೆಂಗಳೂರಿಗೆ ಶೇ. 40.

2024-25ನೇ ಸಾಲಿನ ಲೆಕ್ಕ ಅಂತಿಟ್ಕೊಳ್ಳಿ. ಒಬ್ಬರು ಆರು ತಿಂಗಳು ಬೆಂಗಳೂರಲ್ಲಿದ್ದು ಆರು ತಿಂಗಳು ಚೆನ್ನೈನಲ್ಲಿದ್ರು. ಬೇಸಿಕ್ ತಿಂಗಳಿಗೆ 60,000, ಎಚ್‌ಆರ್‌ಎ 30,000, ಎರಡೂ ಊರಲ್ಲಿ ಬಾಡಿಗೆ 34,000. ಬಾಡಿಗೆಯಲ್ಲಿ ಶೇ. 10 ಕಳೆದರೆ 28,000. ಬೆಂಗಳೂರಿನ ಶೇ. 40 ಅಂದ್ರೆ 24,000, ಆ ತಿಂಗಳುಗಳಿಗೆ ಅದೇ ಕಡಿಮೆ. ಚೆನ್ನೈನ ಶೇ. 50 ಅಂದ್ರೆ 30,000, ಹಾಗಾಗಿ ಅಲ್ಲಿ ವಿನಾಯಿತಿ 28,000. ಒಟ್ಟು 1,44,000 ಮತ್ತು 1,68,000, ಅಂದ್ರೆ 3,12,000.

ಎಐಗೆ ಬರೀ "ಎಚ್‌ಆರ್‌ಎ ವಿನಾಯಿತಿಗೆ ಫಾರ್ಮುಲಾ ಕೊಡು" ಅಂದ್ರೆ ಇಡೀ ವರ್ಷಕ್ಕೆ ಒಂದೇ ಶೇಕಡಾ ಹಾಕಿಬಿಡಬಹುದು. ಎಲ್ಲ ಶೇ. 40 ಹಾಕಿದ್ರೆ 2,88,000, ನಿಮಗೆ 24,000ದ ವಿನಾಯಿತಿ ನಷ್ಟ. ಎಲ್ಲ ಶೇ. 50 ಹಾಕಿದ್ರೆ 3,36,000, 24,000 ಹೆಚ್ಚಿಗೆ ತೋರಿಸಿದಂತೆ. ನಾಳೆ ನೋಟಿಸ್ ಬಂದ್ರೆ ಉತ್ತರ ಕೊಡೋರು ನೀವೇ, ಎಐ ಅಲ್ಲ.

ಸರಿಯಾಗಿ ಕೇಳೋದು ಹೇಗೆ? "ಪ್ರತಿ ತಿಂಗಳಿಗೆ ಒಂದು ಸಾಲು ಇದೆ. ಊರಿನ ಕಾಲಂ ಇದೆ. ಚೆನ್ನೈ ಇದ್ದರೆ ಶೇ. 50, ಬೆಂಗಳೂರು ಇದ್ದರೆ ಶೇ. 40. ಮೂರರಲ್ಲಿ ಕಡಿಮೆಯದು ಬೇಕು. ಫಾರ್ಮುಲಾ ಮಾತ್ರ ಕೊಡು." ಬಂದ ಮೇಲೆ ಒಂದು ಪರೀಕ್ಷೆ ಮಾಡಿ. ಯಾವುದಾದ್ರೂ ತಿಂಗಳ ಬಾಡಿಗೆ ಸೊನ್ನೆ ಮಾಡಿ ನೋಡಿ, ಹೊಸದಾಗಿ ಬಂದು ಕಂಪನಿ ಗೆಸ್ಟ್ ಹೌಸ್‌ನಲ್ಲಿದ್ದ ತಿಂಗಳು ಅಂತಿಟ್ಕೊಳ್ಳಿ. ಉತ್ತರ 0 ಬರಬೇಕು. ಬರೀ ಮಿನ್ ಇರೋ ಫಾರ್ಮುಲಾ ಆದ್ರೆ ಮೈನಸ್ 6,000 ಬರುತ್ತೆ, ಅದು ಮೊತ್ತದಿಂದ ಕಳೆದೂ ಹೋಗುತ್ತೆ. ಹೊರಗಡೆ ಮ್ಯಾಕ್ಸ್ ಹಾಕಿ ಸೊನ್ನೆಗೆ ನಿಲ್ಲಿಸಬೇಕು. ನೀವು ಲೆಕ್ಕ ಮಾಡೋ ವರ್ಷದ ನಿಯಮ ಏನು ಅಂತಲೂ ನೋಡಿಕೊಳ್ಳಿ.

ಯಂತ್ರ ಸುಮ್ಮನಿದ್ದರೆ ಸರಿ ಅಂತಲ್ಲ

ಶೀಟಿನ ತಪ್ಪಿಗೆ ಶಬ್ದ ಇಲ್ಲ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಕಾರಣ, ಹಳೇ ಎಕ್ಸೆಲ್ ಫೈಲ್ ಮಾದರಿಗೆ 65,536 ಸಾಲಿನ ಮಿತಿ. ಅದೇ ವರ್ಷ ವಿಜ್ಞಾನಿಗಳು ಕೆಲವು ಮಾನವ ಜೀನ್‌ಗಳ ಹೆಸರನ್ನೇ ಬದಲಾಯಿಸಿದ್ರು, ಯಾಕಂದ್ರೆ ಎಕ್ಸೆಲ್ ಅವನ್ನು ತಾರೀಕು ಅಂದ್ಕೊಂಡು ಬದಲಾಯಿಸ್ತಿತ್ತು. ಆಗ ಕೋಪೈಲಟ್ ಇರಲಿಲ್ಲ. ಎಐ ಈ ತಪ್ಪುಗಳನ್ನು ಹೊಸದಾಗಿ ಹುಟ್ಟಿಸಲ್ಲ, ಆದರೆ ಅದರ ಮೇಲೆ ಚೆಂದದ ಚಾರ್ಟ್ ಮಾಡಿಕೊಡುತ್ತೆ.

ನಮ್ಮ ಆಫೀಸಲ್ಲಿ ದಿನಾ ಆಗೋದು ತಾರೀಕಿನ ಗೊಂದಲ. 03/04 ಅಂದ್ರೆ ನಮಗೆ ಏಪ್ರಿಲ್ 3, ಅಮೆರಿಕದ ಸೆಟ್ಟಿಂಗ್‌ಗೆ ಮಾರ್ಚ್ 4. 13/04 ಆದ್ರೆ ಅದು ತಾರೀಕೇ ಅಲ್ಲ, ಬರೀ ಅಕ್ಷರ. ಇನ್ನು ಹೆಸರು: ಇಲ್ಲಿ ಇನಿಷಿಯಲ್ ಮುಂದೆಯೂ ಬರುತ್ತೆ, ಹಿಂದೆಯೂ ಬರುತ್ತೆ. ಒಬ್ಬರೇ ಇಬ್ಬರಾಗ್ತಾರೆ, ಇಬ್ಬರು ಒಬ್ಬರಾಗ್ತಾರೆ. ಎಐಗೆ ಕೊಡೋ ಮುಂಚೆ ಸಾಲುಗಳ ಎಣಿಕೆ ಮತ್ತು ಒಟ್ಟು ಮೊತ್ತ ಒಂದು ಕಡೆ ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಎರಡೂ ತಾಳೆಯಾಗಬೇಕು.

ಇನ್ನೊಂದು ಮಾತು. ಸಂಬಳದ ಪಟ್ಟಿ, ಆಧಾರ್, ಗ್ರಾಹಕರ ಫೋನ್ ನಂಬರ್ ಇರೋ ಶೀಟನ್ನು ನಿಮ್ಮ ಸ್ವಂತ ಖಾತೆಯ ಉಚಿತ ಚಾಟ್‌ಬಾಟ್‌ಗೆ ಹಾಕಬೇಡಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಕಂಪನಿ ನಿಯಮ ಬೇರೆ ಇರುತ್ತೆ. ಫಾರ್ಮುಲಾ ಕೇಳೋಕೆ ಡೇಟಾ ಬೇಕಾಗೇ ಇಲ್ಲ. ಕಾಲಂ ಹೆಸರು, ಎರಡು ಕಾಲ್ಪನಿಕ ಸಾಲು ಸಾಕು.

ಹಾಗಾದ್ರೆ ಕೆಲಸ?

ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಬರೀ ಕಾಪಿ, ಪೇಸ್ಟ್, ಪಿವೋಟ್, ಮೇಲ್ ಅನ್ನೋ ಕೆಲಸಕ್ಕೆ ಬೆಲೆ ಕಡಿಮೆ ಆಗುತ್ತೆ. ಊರಲ್ಲಿ ಸಾಲ ತೀರಿಸೋಕೆ, ತಂಗಿ ಓದಿಸೋಕೆ ಅಂತ ಇಲ್ಲಿಗೆ ಬಂದವರಿಗೆ ಇದು ಸಣ್ಣ ಮಾತಲ್ಲ. ಆದರೆ ಆ ಅಂಕಿ ಎಲ್ಲಿಂದ ಬಂತು, ಯಾವ ತಿಂಗಳು ಯಾಕೆ ಖಾಲಿ, ಯಾವ ಗ್ರಾಹಕರು ಎರಡು ಸಲ ಬಂದಿದ್ದಾರೆ ಅನ್ನೋದು ಎಐಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಅದನ್ನು ತಲೆಯಲ್ಲಿ ಇಟ್ಕೋಬೇಡಿ, ಶೀಟಿನ ಪಕ್ಕದಲ್ಲಿ ಟಿಪ್ಪಣಿಯಾಗಿ ನಿಮ್ಮ ಹೆಸರಲ್ಲಿ ಬರೆಯಿರಿ. "ಈ ರಿಪೋರ್ಟ್ ಪರಿಶೀಲಿಸಿದವರು ಇವರು" ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ.

ಈ ವಾರ ಇಷ್ಟು ಮಾಡಿ. ನಿಮ್ಮ ಒಂದು ಹಳೇ ರಿಪೋರ್ಟ್ ತೆಗೆದುಕೊಳ್ಳಿ. ಅದರ ಅತಿ ಉದ್ದದ ಫಾರ್ಮುಲಾವನ್ನು ಎಐಗೆ ಕೊಟ್ಟು "ಇದನ್ನು ಹಂತ ಹಂತವಾಗಿ ಕನ್ನಡದಲ್ಲಿ ವಿವರಿಸು" ಅಂತ ಕೇಳಿ. ವಿವರಣೆ ಸರಿಯಿದೆಯಾ ಅಂತ ನೀವೇ ತೀರ್ಮಾನಿಸಿ. ತೀರ್ಮಾನಿಸೋಕೆ ಆಯ್ತು ಅಂದ್ರೆ ಭಯ ಬೇಡ. ಆಗಲಿಲ್ಲ ಅಂದ್ರೆ ಕಲಿಯೋಕೆ ಶುರುಮಾಡಬೇಕಾದ ಜಾಗ ಅದೇ.

ಮುಂದಿನ ಮಾತಿನಲ್ಲಿ ಲ್ಯಾಂಬ್ಡಾ ಬಗ್ಗೆ ಹೇಳ್ತೀನಿ.