ಭೈಷಜ್ಯದಾನ ಮತ್ತು ಅಭಯದಾನ



ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಅಂಗಗಳೆಂಬುದು ಸರ್ವವಿದಿತ. ಆದರೆ ರೋಗಿಗೆ ನೀಡುವ ಭೈಷಜ್ಯವು ಮೂಕಪ್ರಾಣಿಯ ಅಭಯವನ್ನು ಅಪಹರಿಸಿ ಸಿದ್ಧವಾಗಿದ್ದರೆ ವಿವೇಕಿಯಾದವನು ಏನೆಂದು ನಿರ್ಣಯಿಸಬೇಕು? ಮಧುಮೇಹಿಗಳ ಗಾಯಕ್ಕೆ ಲೇಪಿಸುವ ಜೆಲ್ ಒಂದರ ವೃತ್ತಾಂತವು ಈ ಪ್ರಶ್ನೆಯನ್ನು ಕಣ್ಣೆದುರು ನಿಲ್ಲಿಸುತ್ತದೆ.

ಮಧುಮೇಹವು ಬಹುಕಾಲ ಹತೋಟಿ ತಪ್ಪಿದಾಗ ಪಾದದ ನರಗಳು ಸಂವೇದನೆಯನ್ನು ಕಳೆದುಕೊಳ್ಳುತ್ತವೆ, ರಕ್ತಸಂಚಾರವೂ ಕುಗ್ಗುತ್ತದೆ. ನೋವನ್ನೇ ತೋರದ ಸಣ್ಣ ಗಾಯವು ವ್ರಣವಾಗಿ ಬೆಳೆದು, ಕಡೆಗೆ ಕಾಲನ್ನೇ ಕತ್ತರಿಸಬೇಕಾದ ಪ್ರಸಂಗವುಂಟು. ರಕ್ತದ ಪ್ಲೇಟ್‌ಲೆಟ್ ಕಣಗಳಿಂದ ಹೊರಡುವ ಒಂದು ಪ್ರೋಟೀನು ಜೀವಕೋಶಗಳನ್ನು ಗಾಯದೆಡೆಗೆ ಸೆಳೆದು ಹೊಸ ಅಂಗಾಂಶವನ್ನು ಬೆಳೆಸುತ್ತದೆಂದು ತಿಳಿದಾಗ, ಅದನ್ನೇ ಔಷಧವಾಗಿಸುವ ಯತ್ನ ನಡೆಯಿತು.

ಜನ್ಮತಃ ಮಧುಮೇಹಕ್ಕೆ ಗುರಿಯಾಗುವ ಸುಂಡಿಲಿಗಳ ತಳಿಯೊಂದು ಅಮೆರಿಕದ ಜಾಕ್ಸನ್ ಪ್ರಯೋಗಾಲಯದಿಂದ 1966ರಲ್ಲಿ ವರದಿಯಾಗಿತ್ತು. 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಇಲಿಗಳ ಬೆನ್ನಿನಲ್ಲಿ ಗಾಯಮಾಡಿ ಈ ಪ್ರೋಟೀನನ್ನು ಹಚ್ಚಲಾಯಿತು. ನಿಧಾನವಾಗಿ ಮಾಯುತ್ತಿದ್ದ ಗಾಯಗಳು ಬೇಗನೆ ಮುಚ್ಚಿದವು. ಮುಂದೆ ಬೆಕಾಪ್ಲೆರ್ಮಿನ್ ಎಂಬ ಹೆಸರಿನ ಜೆಲ್ ರೂಪದಲ್ಲಿ ಅದಕ್ಕೆ ಅಮೆರಿಕದಲ್ಲಿ 1997ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು. 382 ರೋಗಿಗಳ ಪರೀಕ್ಷೆಯ ಫಲ 1998ರಲ್ಲಿ ಪ್ರಕಟವಾಯಿತು. ಗ್ರಾಮಿಗೆ 100 ಮೈಕ್ರೋಗ್ರಾಂ ಪ್ರೋಟೀನಿದ್ದ ಜೆಲ್ ಪಡೆದವರಲ್ಲಿ ಶೇಕಡಾ 50, ಔಷಧರಹಿತ ಜೆಲ್ ಪಡೆದವರಲ್ಲಿ ಶೇಕಡಾ 35 ಮಂದಿಯ ವ್ರಣ ಪೂರ್ಣವಾಗಿ ಮಾಗಿತ್ತು.

ಲಾಭವುಂಟು, ಆದರೆ ಅರ್ಧದಷ್ಟು ಜನರಿಗೆ ಅದು ಸಾಲಲಿಲ್ಲ. ಇಲಿಯ ಸಡಿಲ ಚರ್ಮವು ಬಹುಮಟ್ಟಿಗೆ ಸಂಕೋಚದಿಂದ ಗಾಯವನ್ನು ಮುಚ್ಚುತ್ತದೆ. ಮನುಷ್ಯನ ಪಾದದ ವ್ರಣವು ಹೊಸ ಅಂಗಾಂಶ ತುಂಬಿ ಮಾಗಬೇಕು, ಅದರ ಮೇಲೆ ದೇಹದ ಭಾರವೂ ಬೀಳುತ್ತಿರುತ್ತದೆ. ಇಲಿಯ ನೋವು ಮನುಷ್ಯನಿಗೆ ದಾರಿ ತೋರಿತೇ ಹೊರತು ಗುರಿ ಮುಟ್ಟಿಸಲಿಲ್ಲ.

ಆದುದರಿಂದಲೇ ಅನಗತ್ಯವಾದ ಪ್ರತಿಯೊಂದು ಪ್ರಯೋಗವೂ ಅಕ್ಷಮ್ಯ. ಪ್ರಾಣಿಗೆ ಬದಲಿ ಹುಡುಕಬೇಕು, ಸಂಖ್ಯೆ ತಗ್ಗಿಸಬೇಕು, ನೋವು ಕಡಿಮೆ ಮಾಡಬೇಕು ಎಂಬ ಮೂರು ನಿಯಮಗಳನ್ನು ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿ ಮುಂದಿಟ್ಟರು. ಭಾರತದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯೂ ಪ್ರಯೋಗಗಳಿಗೆ ಅಂಕುಶವಿಟ್ಟಿತು. 2023ರ ನಿಯಮ ತಿದ್ದುಪಡಿಯು, ಹೊಸ ಔಷಧಗಳ ಪರೀಕ್ಷೆಯಲ್ಲಿ ಮಾನವ ಜೀವಕೋಶಗಳನ್ನು ಬಳಸುವ ಪ್ರಾಣಿರಹಿತ ವಿಧಾನಗಳಿಗೂ ಅವಕಾಶ ನೀಡಿದೆ. ಅಭಯದಾನದ ಹಾದಿ ಪ್ರಯೋಗಾಲಯದೊಳಗೂ ತೆರೆಯುತ್ತಿದೆ.

ಶ್ರಾವಕರ ಪಾಲಿನ ಕರ್ತವ್ಯವೂ ಒಂದುಂಟು. ಸಂವೇದನೆ ಕಳೆದುಕೊಂಡ ಪಾದದ ಮಧುಮೇಹಿಯು ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬರುವುದು ಅಪಾಯಕರ. ನೆರಳಿರುವ ಮುಂಜಾನೆಯೇ ಅವನಿಗೆ ಪ್ರಶಸ್ತ ಕಾಲ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಟ್ಟು, ಪ್ರತಿ ರಾತ್ರಿ ಅಂಗಾಲನ್ನು ಪರೀಕ್ಷಿಸಿಕೊಳ್ಳುವವನು ತನ್ನ ಕಾಲನ್ನು ಕಾಪಾಡಿಕೊಳ್ಳುತ್ತಾನೆ. ಆಗದ ಗಾಯಕ್ಕೆ ಲೇಪವೂ ಬೇಡ, ಆ ಲೇಪಕ್ಕಾಗಿ ಇನ್ನೊಂದು ಜೀವಿಯ ಗಾಯವೂ ಬೇಡ.